ರಷ್ಯಾದವರು ಇದ್ದಾರಲ್ಲ, ತಮ್ಮನನ್ನು ಮಾಲಿಗೆ ಕಳಿಸಬಹುದಾ?

ಪ್ರಶ್ನೆ: ಸರ್, ನನ್ನ ತಮ್ಮ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು. ಹೈಟೆನ್ಷನ್ ಲೈನ್ ಎಳೆಯುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಒಂದೂವರೆ ವರ್ಷದಿಂದ ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿದ್ದ. ಈಗ ರಜೆಗೆ ಬಂದಿದ್ದಾನೆ, ಮುಂದಿನ ತಿಂಗಳು ವಾಪಸ್ ಹೋಗಬೇಕು. ಅಲ್ಲಿ ಭಾರತೀಯರನ್ನು ಅಪಹರಿಸಿದ ಸುದ್ದಿ ಕೇಳಿದಾಗಿನಿಂದ ಅಮ್ಮನಿಗೆ ನಿದ್ದೆ ಇಲ್ಲ. ಕಂಪನಿಯವರು ‘ರಷ್ಯಾದ ಸೈನ್ಯ ಇದೆ, ಏನೂ ಆಗಲ್ಲ’ ಅನ್ನುತ್ತಾರೆ. ವಾಟ್ಸಾಪ್‌ಗೆ ಬಂದ ಒಂದು ವಿಡಿಯೊದಲ್ಲಿ ಫ್ರಾನ್ಸೇ ಉಗ್ರರನ್ನು ಸಾಕಿತು, ಯುರೇನಿಯಂ ದೋಚಲು ಬಂದಿತ್ತು ಅಂತಿದೆ. ಹತ್ತು ವರ್ಷ ವಿಶ್ವಸಂಸ್ಥೆಯ ಸೈನ್ಯ ಇದ್ದೂ ಯಾಕೆ ಸರಿಹೋಗಲಿಲ್ಲ? ಹೊರಗಿನ ಸೈನ್ಯ ಬರುವುದು ಒಳ್ಳೆಯದೋ ಕೆಟ್ಟದ್ದೋ? ತಮ್ಮನನ್ನು ಕಳಿಸೋದಾ, ಬೇಡ್ವಾ?
— ರಾಣೆಬೆನ್ನೂರಿನ ಓದುಗರೊಬ್ಬರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅಮ್ಮ ಕಾಯುತ್ತಿರುತ್ತಾರೆ. ರಷ್ಯಾದವರು ಇದ್ದಾರೆ ಅನ್ನುವ ಒಂದೇ ಮಾತು ನಂಬಿ ತಮ್ಮನನ್ನು ಕಳಿಸಬೇಡಿ. ಸೈಟ್ ಎಲ್ಲಿದೆ, ಅಲ್ಲಿಗೆ ಹೋಗುವ ರಸ್ತೆ ಯಾವುದು ಅಂತ ಸರಿಯಾಗಿ ಗೊತ್ತಾಗುವ ತನಕ ಟಿಕೆಟ್ ಮಾಡಿಸಬೇಡಿ. ಸೈಟ್ ಪಶ್ಚಿಮದ ಕಾಯೆಸ್ ಕಡೆಗಿದ್ದರೆ ನನ್ನ ಉತ್ತರ ಸೀದಾ ‘ಬೇಡ’.

ಇನ್ನು ಯಾಕೆ ಅನ್ನುವುದು. ನಾನು ಸೇನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದೆ. ಅದರಲ್ಲಿ ಒಂದು ವರ್ಷ ಪೂರ್ವ ಕಾಂಗೋದಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಕೆಲಸ ಮಾಡಿದೆ. ನಿವೃತ್ತಿಯಾದ ಮೇಲೆ ಆಫ್ರಿಕಾದಲ್ಲಿ ಕಾಮಗಾರಿ ಹಿಡಿದ ಕಂಪನಿಗಳಿಗೆ ಸೈಟ್ ಭದ್ರತೆಯ ಬಗ್ಗೆ ಸಲಹೆ ಕೊಡುತ್ತೇನೆ. ಹಾಗಾಗಿ ‘ಏನೂ ಆಗಲ್ಲ’ ಅನ್ನುವ ಮಾತನ್ನು ಮ್ಯಾನೇಜರುಗಳ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ಹಾಗೆ ಹೇಳುವವರು ಸಾಮಾನ್ಯವಾಗಿ ಸೈಟ್‌ನಲ್ಲಿ ಮಲಗುವವರಲ್ಲ.

ಮಾಲಿಯ ಕಥೆ ಶುರುವಾಗುವುದು ಉತ್ತರ ಆಫ್ರಿಕಾದ ಲಿಬಿಯಾದಿಂದ. 2011ರ ಮಾರ್ಚ್‌ನಲ್ಲಿ ಲಿಬಿಯಾದ ಮೇಲೆ ವಿಮಾನ ದಾಳಿಗೆ ದಾರಿ ಮಾಡಿಕೊಟ್ಟ 1973ನೇ ನಿರ್ಣಯ ಭದ್ರತಾ ಮಂಡಳಿಗೆ ಬಂತು. ಹತ್ತು ದೇಶ ಪರವಾಗಿ ಮತ ಹಾಕಿದವು. ಐದು ದೇಶ ಮತ ಹಾಕದೆ ದೂರ ಉಳಿದವು, ಅದರಲ್ಲಿ ಭಾರತವೂ ಒಂದು. ಅಕ್ಟೋಬರ್‌ನಲ್ಲಿ ಲಿಬಿಯಾದ ಸರ್ವಾಧಿಕಾರಿ ಗಡಾಫಿ ಸತ್ತ. ಅವನ ಸೈನ್ಯದಲ್ಲಿ ಮಾಲಿ ಮೂಲದ ಟುವಾರೆಗ್ ಹುಡುಗರು ತುಂಬಾ ಇದ್ದರು. ಮರುಭೂಮಿಯ ಜನ, ಪಿಕಪ್ ಗಾಡಿ ಓಡಿಸುವುದರಲ್ಲಿ ನಿಪುಣರು. ಅವರು ಲಿಬಿಯಾದ ಉಗ್ರಾಣದಲ್ಲಿದ್ದ ಮೆಷಿನ್ ಗನ್‌ಗಳನ್ನು ಅದೇ ಗಾಡಿಗಳಿಗೆ ಹೇರಿಕೊಂಡು ಊರಿಗೆ ವಾಪಸ್ ಬಂದರು. 2012ರ ಜನವರಿಯಲ್ಲಿ ಉತ್ತರ ಮಾಲಿಯಲ್ಲಿ ಪ್ರತ್ಯೇಕ ದೇಶಕ್ಕಾಗಿ ದಂಗೆ ಎದ್ದಿತು. ಮಾರ್ಚ್‌ನಲ್ಲಿ ರಾಜಧಾನಿ ಬಮಾಕೊದಲ್ಲಿ ಕ್ಯಾಪ್ಟನ್ ಒಬ್ಬ ಸರ್ಕಾರವನ್ನೇ ಕಿತ್ತು ಹಾಕಿದ. ಅವನು ಅಮೆರಿಕದಲ್ಲಿ ತರಬೇತಿ ಪಡೆದು ಬಂದವನು. ಈ ಗಲಾಟೆಯ ನಡುವೆ ಜಿಹಾದಿಗಳು ಟುವಾರೆಗ್ ದಂಗೆಕೋರರನ್ನು ಪಕ್ಕಕ್ಕೆ ತಳ್ಳಿ ಉತ್ತರದ ಟಿಂಬಕ್ಟು, ಗಾವೋ, ಕಿದಾಲ್ ಮೂರೂ ಊರುಗಳನ್ನು ಹಿಡಿದರು.

ಹಾಗಾದರೆ ‘ಫ್ರಾನ್ಸ್ ಉಗ್ರರನ್ನು ಸಾಕಿತು’ ಅನ್ನುವುದು ನಿಜವಾ? ಆ ರೀತಿ ನಿಜ ಅಲ್ಲ. 2022ರಲ್ಲಿ ಮಾಲಿ ಸರ್ಕಾರವೇ ಭದ್ರತಾ ಮಂಡಳಿಗೆ ಪತ್ರ ಬರೆದು ಈ ಆರೋಪ ಮಾಡಿತು. ಅದನ್ನು ಸಾಬೀತು ಮಾಡುವ ಪುರಾವೆ ಮಾತ್ರ ಜನರ ಮುಂದೆ ಬರಲಿಲ್ಲ. ಆದರೆ ಲಿಬಿಯಾವನ್ನು ಒಡೆದವರಲ್ಲಿ ಫ್ರಾನ್ಸ್ ಮುಂದಿತ್ತು. ಒಡೆದ ಮೇಲೆ ಆ ಬಂದೂಕುಗಳು ಎಲ್ಲಿಗೆ ಹೋದಾವು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೊಂದು ವಿಷಯ ಇದೆ, ಅದು ವಿಡಿಯೊಗಳಲ್ಲಿ ಬರುವುದು ಕಡಿಮೆ. 2013ರಲ್ಲಿ ಫ್ರೆಂಚರು ಕಿದಾಲ್ ಊರಿಗೆ ಹೋದಾಗ ಮಾಲಿಯ ಸೈನ್ಯವನ್ನು ಜೊತೆಗೆ ಕರೆದೊಯ್ಯಲಿಲ್ಲ. ಟುವಾರೆಗ್ ಗುಂಪು ಅಲ್ಲೇ ಉಳಿಯಿತು. ಜಿಹಾದಿಗಳ ವಿರುದ್ಧ ಅವರ ನೆರವು ಸಿಗುತ್ತದೆ ಅನ್ನುವುದು ಫ್ರೆಂಚರ ಲೆಕ್ಕ. ‘ನಮ್ಮ ಊರಿಗೆ ನಮ್ಮ ಸೈನ್ಯವೇ ಹೋಗುವ ಹಾಗಿಲ್ಲವಾ’ ಅಂತ ಬಮಾಕೊದ ಜನ ಕೇಳಿದರು. ಅನುಮಾನದ ಬೀಜ ಬಿದ್ದದ್ದು ಅಲ್ಲಿ.

ಯುರೇನಿಯಂ ಮಾತು ಬಿಡಿ. ಫ್ರೆಂಚ್ ಕಂಪನಿಯ ಯುರೇನಿಯಂ ಗಣಿ ಇದ್ದದ್ದು ಪಕ್ಕದ ನೈಜರ್‌ನಲ್ಲಿ. ಮಾಲಿಯಲ್ಲಿ ಇರುವುದು ಚಿನ್ನ. ಅದರ ಅತಿ ದೊಡ್ಡ ಗಣಿ ನಡೆಸುವುದು ಕೆನಡಾದ ಕಂಪನಿ.

ಈಗ ಫ್ರೆಂಚರ ವಿಷಯಕ್ಕೆ ಬರೋಣ. 2013ರ ಜನವರಿ 10ರಂದು ಜಿಹಾದಿಗಳು ನಡು ಮಾಲಿಯ ಕೊನ್ನಾ ಊರನ್ನು ಹಿಡಿದರು. ಮಾಲಿ ಸರ್ಕಾರ ಸಹಾಯ ಕೇಳಿತು. ಮಾರನೇ ದಿನವೇ ಫ್ರೆಂಚ್ ವಿಮಾನಗಳು ಬಂದವು. ಮೂರು ವಾರದೊಳಗೆ ಮೂರೂ ಊರು ಜಿಹಾದಿಗಳ ಕೈತಪ್ಪಿದವು. ಸೈನಿಕನಾಗಿ ಹೇಳುವುದಾದರೆ ಅದು ಒಳ್ಳೆಯ ಕಾರ್ಯಾಚರಣೆ, ಅದರಲ್ಲಿ ಎರಡು ಮಾತಿಲ್ಲ. ಫೆಬ್ರುವರಿ 2ರಂದು ಫ್ರಾನ್ಸ್ ಅಧ್ಯಕ್ಷ ಹೊಲಾಂದ್ ಟಿಂಬಕ್ಟುಗೆ ಬಂದಾಗ ಜನ ಕುಣಿದರು. ಒಂದು ಒಂಟೆಯ ಮರಿಯನ್ನು ಉಡುಗೊರೆ ಕೊಟ್ಟರು. ಅದನ್ನು ಪ್ಯಾರಿಸ್‌ಗೆ ಒಯ್ಯುವುದು ಹೇಗೆ? ಊರಿನ ಒಂದು ಕುಟುಂಬದ ಹತ್ತಿರ ಸಾಕಲು ಬಿಟ್ಟು ಹೋದರು. ಎರಡು ತಿಂಗಳಲ್ಲಿ ಆ ಮನೆಯವರು ಅದನ್ನು ಕೊಯ್ದು ಸಾರು ಮಾಡಿ ಉಂಡರು. ಈ ಕಥೆಗೆ ಎಲ್ಲರೂ ನಗುತ್ತಾರೆ. ಅಲ್ಲಿ ಕೆಲಸ ಮಾಡಿದವರು ಸ್ವಲ್ಪ ಕಡಿಮೆ ನಗುತ್ತಾರೆ. ಕೊಟ್ಟವರು, ತೆಗೆದುಕೊಂಡವರು, ಸಾಕಲು ಒಪ್ಪಿಕೊಂಡವರು, ಮೂವರ ಲೆಕ್ಕವೂ ಬೇರೆ ಬೇರೆ ಇತ್ತು.

ಆಮೇಲೆ ಫ್ರೆಂಚರು ಅಲ್ಲೇ ಉಳಿದರು. 2014ರಿಂದ ಅದಕ್ಕೆ ‘ಬರ್ಖಾನ್’ ಅಂತ ಹೆಸರಾಯಿತು. ಒಂದು ಹಂತದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಇಡೀ ಸಾಹೆಲ್ ಪ್ರದೇಶದಲ್ಲಿ ಐದು ಸಾವಿರಕ್ಕೂ ಹೆಚ್ಚು ಸೈನಿಕರಿದ್ದರು. ಜಿಹಾದಿ ನಾಯಕರನ್ನು ಒಬ್ಬೊಬ್ಬರಾಗಿ ಹುಡುಕಿ ಕೊಂದರು. ಆದರೂ ಬೆಂಕಿ ಉತ್ತರದಿಂದ ನಡು ಮಾಲಿಗೆ ಹರಡಿತು. ಯಾಕೆ?

ನಡು ಮಾಲಿಯಲ್ಲಿ ನೈಜರ್ ನದಿ ಹಬ್ಬಿ ದೊಡ್ಡ ಹುಲ್ಲುಗಾವಲು ಆಗುತ್ತದೆ. ನೀರು ಇಳಿದ ಮೇಲೆ ಫುಲಾನಿ ದನಗಾಹಿಗಳು ಮಂದೆ ತರುತ್ತಾರೆ. ಹತ್ತಿರದಲ್ಲೇ ಡೋಗೋನ್ ಮತ್ತು ಬಂಬಾರ ರೈತರ ಹೊಲ. ನಿಮ್ಮ ಕಡೆ ಕುರಿಗಾರರು ಬಂದು ಹೊಲದಲ್ಲಿ ಮಂದೆ ನಿಲ್ಲಿಸುವುದು, ಒಂದೊಂದು ಸಲ ಬೆಳೆ ಮೇಯ್ದು ಜಗಳ ಆಗುವುದು ನಿಮಗೆ ಗೊತ್ತಿರುತ್ತದೆ. ಅಂಥದ್ದೇ ಜಗಳ ಅಲ್ಲೂ ಮೊದಲಿನಿಂದ ಇತ್ತು. ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದರು. ಸರ್ಕಾರದ ನೌಕರ, ನ್ಯಾಯಾಧೀಶ, ಪೊಲೀಸ್ ಎಲ್ಲರೂ ಹೆದರಿ ಜಾಗ ಖಾಲಿ ಮಾಡಿದ ಮೇಲೆ ತೀರ್ಮಾನ ಮಾಡುವವರು ಯಾರು? ಅಮಾದು ಕೂಫಾ ಎಂಬ ಅಲ್ಲಿನದೇ ಬೋಧಕ ಆ ಜಾಗ ಹಿಡಿದ. ಹುಲ್ಲುಗಾವಲಿಗೆ ಒಡೆಯರು ಜಾಸ್ತಿ ಹಣ ಕೀಳುತ್ತಾರೆ ಎಂಬ ಬಡ ದನಗಾಹಿಗಳ ಸಿಟ್ಟು ಅವನಿಗೆ ಗೊತ್ತಿತ್ತು. 2017ರಲ್ಲಿ ಅವನ ಗುಂಪು, ಟುವಾರೆಗ್ ನಾಯಕ ಇಯಾದ್ ಅಗ್ ಘಾಲಿಯ ಗುಂಪು, ಇನ್ನೂ ಕೆಲವು ಸೇರಿ ‘ಜೆಎನ್‌ಐಎಂ’ ಆಯಿತು. ನೀವು ಸುದ್ದಿಯಲ್ಲಿ ಕೇಳುವ ಅಲ್ ಕೈದಾ ಶಾಖೆ ಇದೇ. ಆಮೇಲೆ ಫುಲಾನಿ ಅಂದರೆ ಜಿಹಾದಿ ಅನ್ನುವ ಮಾತು ಹುಟ್ಟಿತು. 2019ರ ಮಾರ್ಚ್‌ನಲ್ಲಿ ಒಗೊಸ್ಸಾಗು ಎಂಬ ಫುಲಾನಿ ಹಳ್ಳಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಒಂದೊಂದು ಕೊಲೆಗೂ ಹತ್ತು ಹುಡುಗರು ಕೂಫಾನ ಕಡೆ ಹೋದರು. ಇದನ್ನು ಮಿರಾಜ್ ವಿಮಾನದಿಂದ ಸರಿಮಾಡಲು ಬರುವುದಿಲ್ಲ.

ವಿಶ್ವಸಂಸ್ಥೆಯ ಸೈನ್ಯದ ಬಗ್ಗೆ ಕೇಳಿದ್ದೀರಿ. 2013ರ ಜುಲೈಯಿಂದ 2023ರ ಕೊನೆಯ ತನಕ ಅದು ಅಲ್ಲಿತ್ತು. ಸೈನಿಕರೇ ಸುಮಾರು ಹದಿಮೂರು ಸಾವಿರ. ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ದಾಳಿಗಳಲ್ಲೇ. ಮಾಲಿಯಲ್ಲಿ ನಾನು ಸಮವಸ್ತ್ರದಲ್ಲಿ ಇರಲಿಲ್ಲ, ಹಾಗಾಗಿ ಕಾಂಗೋದಲ್ಲಿ ಕಂಡ ಒಂದು ಸಂಗತಿ ಹೇಳುತ್ತೇನೆ.

ಬೆಟ್ಟದ ಮೇಲಿನ ಒಂದು ಹಳ್ಳಿ. ನಾವು ಮೂರು ಬಿಳಿ ಗಾಡಿಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಗಸ್ತಿಗೆ ಹೋಗುತ್ತಿದ್ದೆವು. ನಮ್ಮ ಹುಡುಗರು ಮಕ್ಕಳಿಗೆ ಬಿಸ್ಕತ್ತು ಕೊಡುತ್ತಿದ್ದರು. ನಾನು ದುಭಾಷಿಯ ಜೊತೆ ಮನೆಮನೆಗೆ ಹೋಗಿ, ರಾತ್ರಿ ಯಾರಾದರೂ ಬಂದಿದ್ದರಾ ಅಂತ ವಿಚಾರಿಸುತ್ತಿದ್ದೆ. ಒಬ್ಬ ಹೆಂಗಸು ಚಾಪೆಯ ಮೇಲೆ ಮರಗೆಣಸು ಒಣಹಾಕುತ್ತಿದ್ದಳು. ತಲೆ ಎತ್ತದೆ ಏನೋ ಹೇಳಿದಳು. ದುಭಾಷಿ ಸುಮ್ನೆ ನಿಂತ. ಮತ್ತೆ ಕೇಳಿದ್ದಕ್ಕೆ ಹೇಳಿದ: ‘ನೀವು ನಾಲ್ಕು ಗಂಟೆಗೆ ಹೊರಡುತ್ತೀರಿ, ಅವರು ಏಳಕ್ಕೆ ಬರುತ್ತಾರೆ. ನಾನು ನಿಮ್ಮ ಹತ್ತಿರ ಎಷ್ಟು ಹೊತ್ತು ಮಾತಾಡಿದೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ ಅನ್ನುತ್ತಿದ್ದಾಳೆ.’ ಮಾರನೇ ವಾರದಿಂದ ನಾನು ಮನೆಮನೆಗೆ ಹೋಗುವುದನ್ನು ನಿಲ್ಲಿಸಿದೆ. ಗಸ್ತಿನ ವರದಿಯಲ್ಲಿ ‘ಪರಿಸ್ಥಿತಿ ಶಾಂತ’ ಅಂತ ಬರೆದೆ. ಆ ಎರಡು ಪದ ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ.

ಹಾಗಂತ ‘ದಂಡಕ್ಕೆ ಇದ್ದರು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಶಾಂತಿಪಾಲನಾ ಪಡೆಯನ್ನು ಎರಡು ಕಡೆಯವರು ಒಪ್ಪಂದ ಮಾಡಿಕೊಂಡ ಮೇಲೆ ಅದನ್ನು ಕಾಯಲು ಕಳಿಸುತ್ತಾರೆ. ಮಾಲಿಯಲ್ಲಿ 2015ರಲ್ಲಿ ಅಂಥ ಒಪ್ಪಂದ ಆಯಿತು, ಆದರೆ ಟುವಾರೆಗ್ ಮತ್ತು ಇತರ ಉತ್ತರದ ಗುಂಪುಗಳ ಜೊತೆ. ಜಿಹಾದಿಗಳು ಅದರಲ್ಲಿ ಇರಲೇ ಇಲ್ಲ. ಕಾಯಲು ಬಂದವರ ಮೇಲೆ ಒಪ್ಪಂದಕ್ಕೆ ಸಹಿ ಹಾಕದವರು ಬಾಂಬ್ ಹಾಕುತ್ತಿದ್ದರು. ಇಷ್ಟಿದ್ದರೂ ಈ ಪಡೆ ಮಾಡಿದ ಒಂದು ದೊಡ್ಡ ಕೆಲಸ ಎಂದರೆ ಕಂಡದ್ದನ್ನು ಬರೆದಿಟ್ಟದ್ದು. ಕಡೆಗೆ ಅದೇ ಅದಕ್ಕೆ ಮುಳುವಾಯಿತು. ಅದಕ್ಕೆ ರಷ್ಯಾದವರ ವಿಷಯಕ್ಕೆ ಬರಬೇಕು.

2020ರ ಆಗಸ್ಟ್‌ನಲ್ಲಿ, ಮತ್ತೆ 2021ರ ಮೇನಲ್ಲಿ, ಕರ್ನಲ್ ಅಸ್ಸಿಮಿ ಗೊಯಿಟಾ ಅಧಿಕಾರ ಕಿತ್ತುಕೊಂಡರು. ಆ ವರ್ಷದ ಕೊನೆಗೆ ರಷ್ಯಾದ ವ್ಯಾಗ್ನರ್ ಕಂಪನಿಯ ಬಾಡಿಗೆ ಸೈನಿಕರು ಬಂದರು. ಸಾವಿರ, ಸಾವಿರದ ಐನೂರು ಜನ. ತಿಂಗಳಿಗೆ ಸುಮಾರು ಒಂದು ಕೋಟಿ ಡಾಲರ್ ಕೊಡುವ ಕರಾರು ಎಂದು ಅಮೆರಿಕದ ಸೇನಾಧಿಕಾರಿಗಳು ಹೇಳಿದರು. 2022ರ ಆಗಸ್ಟ್‌ನಲ್ಲಿ ಫ್ರೆಂಚರ ಕೊನೆಯ ತುಕಡಿ ಹೊರಟಿತು. ಅದಕ್ಕೂ ಮೊದಲೇ, ಅದೇ ವರ್ಷದ ಮಾರ್ಚ್‌ನಲ್ಲಿ, ಮೂರಾ ಎಂಬ ಹಳ್ಳಿಯಲ್ಲಿ ಸಂತೆಯ ದಿನ ಹೆಲಿಕಾಪ್ಟರ್‌ಗಳು ಇಳಿದವು. ಮಾಲಿಯ ಸೈನಿಕರ ಜೊತೆ ವಿದೇಶಿ ಸೈನಿಕರೂ ಇದ್ದರು. ಊರನ್ನು ಐದು ದಿನ ಸುತ್ತುವರಿದರು. ಕನಿಷ್ಠ 500 ಜನರನ್ನು ಕೊಂದರು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ತನಿಖೆ ಹೇಳಿತು. ಸತ್ತವರೆಲ್ಲ ಉಗ್ರರು ಎಂದು ಸರ್ಕಾರ ವಾದಿಸಿತು. ವರದಿ ಬಂದದ್ದು 2023ರ ಮೇ. ಜೂನ್‌ನಲ್ಲಿ ಮಾಲಿ ಸರ್ಕಾರ ವಿಶ್ವಸಂಸ್ಥೆಯ ಪಡೆಗೆ ಮನೆಗೆ ಹೋಗಿ ಅಂದಿತು. ಬೇಲಿಯೇ ಎದ್ದು ಹೊಲ ಮೇಯ್ದಾಗ ಅದನ್ನು ನೋಡಿದವನು ಊರಲ್ಲಿ ಇರಬಾರದು, ಅಲ್ವಾ?

ರಷ್ಯಾದವರಿಂದ ಏನೂ ಆಗಲಿಲ್ಲ ಅಂತಲೂ ಇಲ್ಲ. 2023ರ ನವೆಂಬರ್‌ನಲ್ಲಿ ಕಿದಾಲ್ ಊರು ಮಾಲಿಯ ಸೈನ್ಯದ ಕೈಗೆ ಬಂತು. ಬಮಾಕೊದ ಜನ ಹತ್ತು ವರ್ಷ ಕಾದಿದ್ದ ದಿನ ಅದು. ಅವರ ಸಂತೋಷವನ್ನು ನಾನು ಹಗುರಾಗಿ ನೋಡುವುದಿಲ್ಲ. ಆದರೆ 2024ರ ಜುಲೈನಲ್ಲಿ ಅಲ್ಜೀರಿಯಾ ಗಡಿಯ ತಿನ್‌ಜವಾತೆನ್ ಬಳಿ ಮರಳು ಬಿರುಗಾಳಿಯಲ್ಲಿ ವ್ಯಾಗ್ನರ್ ತುಕಡಿಯೊಂದು ಸಿಕ್ಕಿಬಿದ್ದು ಹತ್ತಾರು ಜನ ಸತ್ತರು. ಎರಡು ತಿಂಗಳಲ್ಲಿ ಜೆಎನ್‌ಐಎಂ ಬಮಾಕೊಗೇ ನುಗ್ಗಿ ಪೊಲೀಸ್ ತರಬೇತಿ ಶಾಲೆ ಮತ್ತು ಸೇನಾ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿತು. 2025ರ ಜೂನ್‌ನಲ್ಲಿ ವ್ಯಾಗ್ನರ್ ‘ನಮ್ಮ ಕೆಲಸ ಮುಗಿಯಿತು’ ಅಂತ ಹೊರಟಿತು. ಬದಲಿಗೆ ರಷ್ಯಾದ ರಕ್ಷಣಾ ಇಲಾಖೆಯ ‘ಆಫ್ರಿಕಾ ಕೋರ್’ ಬಂತು. ಅವರು ಮುಖ್ಯವಾಗಿ ಸರ್ಕಾರವನ್ನೂ ನೆಲೆಗಳನ್ನೂ ಕಾಯುತ್ತಾರೆ. ನಿಮ್ಮ ತಮ್ಮ ಹತ್ತಿ ಕೆಲಸ ಮಾಡುವ ಟವರ್ ಅವರ ಪಟ್ಟಿಯಲ್ಲಿ ಇರುವುದಿಲ್ಲ.

ಜೆಎನ್‌ಐಎಂ ಆಟ ಬದಲಿಸಿದ್ದೂ ಇದೇ ಹೊತ್ತಿಗೆ. ಮಾಲಿಗೆ ಸಮುದ್ರ ಇಲ್ಲ. ಪೆಟ್ರೋಲು, ಡೀಸೆಲ್ ಬಹುತೇಕ ಡಕಾರ್ ಮತ್ತು ಅಬಿಜಾನ್ ಬಂದರುಗಳಿಂದ ಟ್ಯಾಂಕರ್‌ನಲ್ಲೇ ಬರಬೇಕು. 2025ರ ಸೆಪ್ಟೆಂಬರ್‌ನಿಂದ ಆ ಟ್ಯಾಂಕರುಗಳನ್ನು ರಸ್ತೆಯಲ್ಲೇ ಸುಡಲು ಶುರು ಮಾಡಿದರು. ಬೆಂಗಾವಲು ಇದ್ದವನ್ನೂ ಬಿಡಲಿಲ್ಲ. ಬಮಾಕೊದ ಬಂಕ್‌ಗಳಲ್ಲಿ ಉದ್ದುದ್ದ ಸಾಲು, ಅಕ್ಟೋಬರ್ ಕೊನೆಗೆ ದೇಶದ ಶಾಲೆ ಕಾಲೇಜುಗಳಿಗೆ ಎರಡು ವಾರ ರಜೆ. ಊರು ಹಿಡಿಯುವ ಕಷ್ಟವೇ ಬೇಡ, ರಸ್ತೆ ಹಿಡಿದರೆ ಸಾಕು ಅಂತ ಅವರಿಗೆ ಹೊಳೆದಿತ್ತು. ಆ ವರ್ಷದ ಜುಲೈ 1ರಂದು ಕಾಯೆಸ್‌ನ ಸಿಮೆಂಟ್ ಕಾರ್ಖಾನೆಯಿಂದ ಬಂದೂಕುಧಾರಿಗಳು ಮೂವರು ಭಾರತೀಯರನ್ನು ಎತ್ತಿಕೊಂಡು ಹೋದರು. ನವೆಂಬರ್‌ನಲ್ಲಿ ಪಶ್ಚಿಮದಲ್ಲೇ, ಕೋಬ್ರಿ ಬಳಿ, ವಿದ್ಯುತ್ ಕಾಮಗಾರಿಯಲ್ಲಿದ್ದ ಐವರು ಭಾರತೀಯರನ್ನು. ನಿಮ್ಮ ತಮ್ಮನ ಕೆಲಸವೇ. ಅವರಿಗೆ ಭಾರತದ ಮೇಲೆ ಸಿಟ್ಟಿದೆ ಅಂತಲ್ಲ. ವಿದೇಶಿ ನೌಕರ ಎಂದರೆ ಒತ್ತೆಹಣ, ಜೊತೆಗೆ ಸರ್ಕಾರದ ಕಾಮಗಾರಿ ನಿಲ್ಲಿಸಿದ ಹೆಸರು.

ಹೊರಗಿನ ಸೈನ್ಯ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ, ಎಲ್ಲರೂ ಒಪ್ಪಬೇಕಾಗಿಲ್ಲ. ಸೋಲುತ್ತಿರುವ ಸರ್ಕಾರಕ್ಕೆ ಅದು ಒಂದೆರಡು ವರ್ಷ ಉಸಿರಾಡಲು ಸಮಯ ಕೊಡುತ್ತದೆ. 2013ರಲ್ಲಿ ಫ್ರೆಂಚರು ಬರದಿದ್ದರೆ ಏನಾಗುತ್ತಿತ್ತೋ. ಆ ಸಮಯದಲ್ಲಿ ಹಳ್ಳಿಗೆ ನ್ಯಾಯಾಧೀಶ, ಮೇಷ್ಟ್ರು, ಲಂಚ ಕೇಳದ ಪೊಲೀಸ್ ವಾಪಸ್ ಹೋಗಬೇಕು. ಅದನ್ನು ಮಾಡಬೇಕಾದ್ದು ಮಾಲಿಯವರೇ. ಮಾಡಲಿಲ್ಲ. ಹೊರಗಿನವರು ಇದ್ದಾರಲ್ಲ, ಮಾಡದಿದ್ದರೂ ನಡೆಯುತ್ತದೆ ಅನ್ನಿಸಿತು. ಸಮಯ ಕೊಟ್ಟವನೇ ಸೋಮಾರಿತನಕ್ಕೂ ಆಸರೆಯಾದ. ನಮ್ಮ ಸೈನ್ಯವೂ ಈ ಪಾಠ ಕಲಿತಿದೆ. 1987ರ ಜುಲೈ ಕೊನೆಗೆ ಒಪ್ಪಂದ ಕಾಯಲು ಶ್ರೀಲಂಕಾಕ್ಕೆ ಹೋದವರು ಅಕ್ಟೋಬರ್‌ಗೆ ಜಾಫ್ನಾದಲ್ಲಿ ಎಲ್‌ಟಿಟಿಇ ಜೊತೆ ಯುದ್ಧದಲ್ಲಿದ್ದರು. ಆಮೇಲೆ ಕೊಲಂಬೊ ಸರ್ಕಾರವೇ ಹೊರಡಿ ಎಂದಿತು. 1990ರ ಮಾರ್ಚ್‌ನಲ್ಲಿ ವಾಪಸಾಗುವಾಗ ಸುಮಾರು 1,200 ಜನರನ್ನು ಕಳೆದುಕೊಂಡಿದ್ದೆವು. ನಮ್ಮ ರೆಜಿಮೆಂಟಿನ ಹಿರಿಯರು ಆ ಕಥೆ ಹೇಳುವಾಗ ದನಿ ತಗ್ಗುತ್ತಿತ್ತು.

ಮಾತುಕತೆ ಮಾಡಬಾರದಾ ಅಂತ ನೀವು ಕೇಳಿಲ್ಲ, ಆದರೆ ಅದೇ ಉಳಿದಿರುವ ದಾರಿ ಅಂತ ನನಗೆ ಅನ್ನಿಸುತ್ತದೆ. 2017ರಲ್ಲೇ ಮಾಲಿಯ ರಾಷ್ಟ್ರೀಯ ಸಮಾವೇಶವೊಂದು ಜಿಹಾದಿ ನಾಯಕರ ಜೊತೆ ಮಾತಾಡಿ ಅಂದಿತ್ತು. ಫ್ರಾನ್ಸ್ ಒಪ್ಪಲಿಲ್ಲ. ಕೆಲವು ಹಳ್ಳಿಗಳು ತಾವೇ ಮಾತಾಡಿಕೊಂಡವು. ಫರಬುಗು ಎಂಬ ಊರನ್ನು 2020ರ ಅಕ್ಟೋಬರ್‌ನಲ್ಲಿ ಮುತ್ತಿದರು. ಜನ ಹೊಲಕ್ಕೆ ಹೋಗುವ ಹಾಗಿಲ್ಲ, ಸಂತೆಗೆ ಹೋಗುವ ಹಾಗಿಲ್ಲ. ಸರ್ಕಾರ ಹೆಲಿಕಾಪ್ಟರ್‌ನಲ್ಲಿ ಸೈನಿಕರನ್ನು ಇಳಿಸಿತು. ಸೈನಿಕರು ಊರಲ್ಲಿ ಕೂತರು, ಮುತ್ತಿಗೆ ಹಾಗೇ ಉಳಿಯಿತು. ಕಡೆಗೆ ಧರ್ಮಗುರುಗಳು ನಡುವೆ ಕೂತು 2021ರಲ್ಲಿ ಒಪ್ಪಂದ ಮಾಡಿಸಿದರು. ಕೆಲವೇ ತಿಂಗಳಲ್ಲಿ ಅದು ಮುರಿಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸೇನಾ ನೆಲೆಯೇ ಜೆಎನ್‌ಐಎಂ ಕೈಗೆ ಹೋಯಿತು. ಇಂಥ ಒಪ್ಪಂದಕ್ಕೆ ಬೆಲೆಯೂ ಇದೆ. ಹೆಂಗಸರ ಮೇಲೆ ಕಟ್ಟಳೆ, ಶಾಲೆಗಳಿಗೆ ಬೀಗ ಇಂಥ ಷರತ್ತುಗಳು ಬರುತ್ತವೆ. ಇಲ್ಲಿ ಕೂತು ಅದು ಸರಿ, ಇದು ತಪ್ಪು ಅನ್ನುವುದು ಸುಲಭ. ಹೊಲದಲ್ಲಿ ಬೆಳೆ ಒಣಗುವಾಗ ಬೇರೆ ಲೆಕ್ಕ.

ಇನ್ನು ತಮ್ಮನ ವಿಷಯ. ಬಮಾಕೊ ಆಫೀಸಿನಲ್ಲಿ ಮಾತ್ರ ಕೆಲಸ, ಊರು ಬಿಟ್ಟು ಹೊರಗೆ ಹೋಗುವ ಹಾಗಿಲ್ಲ ಅಂತ ಕಂಪನಿ ಬರೆದುಕೊಟ್ಟರೆ ಯೋಚಿಸಬಹುದು. ಅಲ್ಲೂ ಅಪಾಯ ಇದೆ, 2015ರಲ್ಲಿ ಬಮಾಕೊದ ದೊಡ್ಡ ಹೋಟೆಲ್ ಮೇಲೆ ದಾಳಿಯಾದಾಗ ಒಳಗೆ ಇಪ್ಪತ್ತು ಭಾರತೀಯರಿದ್ದರು. ಅವರು ಪಾರಾದರು. ಲೈನ್ ಸೈಟ್ ಆದರೆ ಹೋಗುವುದು ಬರುವುದು ಹೇಗೆ ಅಂತ ಕೇಳಲಿ. ಸೈನ್ಯದ ಬೆಂಗಾವಲಿನಲ್ಲಿ ಕರೆದೊಯ್ಯುತ್ತೇವೆ ಅಂದರೆ ಸಮಾಧಾನ ಪಡಬೇಡಿ, ದಾಳಿಯ ಮೊದಲ ಗುರಿ ಬೆಂಗಾವಲೇ. ಡೀಸೆಲ್ ಎಷ್ಟು ದಿನಕ್ಕೆ ದಾಸ್ತಾನು ಇದೆ? ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ? ಕಂಪನಿಯ ಹತ್ತಿರ ಅಂದರೆ ಹೋಗುವುದೇ ಬೇಡ. ಅಪಹರಣವಾದರೆ ಸಂಬಳ ಮನೆಗೆ ಬರುತ್ತದಾ, ವಿಮೆ ಯುದ್ಧ ಪ್ರದೇಶಕ್ಕೂ ಅನ್ವಯಿಸುತ್ತದಾ ಅಂತ ಕರಾರಿನಲ್ಲಿ ನೋಡಿ. ಬಹಳಷ್ಟು ಪಾಲಿಸಿಗಳಲ್ಲಿ ‘ಯುದ್ಧ ಮತ್ತು ಭಯೋತ್ಪಾದನೆ ಬಿಟ್ಟು’ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮ ಸರ್ಕಾರ ಕೆಲಸಕ್ಕೆ ಹೋಗುವವರ ದಾಖಲೆ ಪರಿಶೀಲಿಸಿ ಅನುಮತಿ ಕೊಡುವ ದೇಶಗಳ ಪಟ್ಟಿಯಲ್ಲಿ ಮಾಲಿ ಇಲ್ಲ. ಹಾಗಾಗಿ ಆ ರಕ್ಷಣೆ ನಿಮಗೆ ಸಿಗುವುದಿಲ್ಲ, ಎಲ್ಲ ನೀವೇ ನೋಡಬೇಕು. ಬಮಾಕೊದಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಇಳಿದ ದಿನವೇ ಹೆಸರು, ಸೈಟ್ ಜಾಗ, ಮನೆಯ ಫೋನ್ ನಂಬರ್ ಬರೆಸಲಿ.

ಆಪತ್ತು ಬಂದರೆ ಸರ್ಕಾರ ವಿಮಾನ ಕಳಿಸುತ್ತದೆ ಅಂತ ಎಲ್ಲರೂ ನಂಬುತ್ತಾರೆ. ಕಳಿಸುತ್ತದೆ, ನಿಜ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ‘ಆಪರೇಷನ್ ಕಾವೇರಿ’ ಮೂಲಕ 3,800ಕ್ಕೂ ಹೆಚ್ಚು ಜನರನ್ನು ಕರೆತಂದರು. ನಮ್ಮ ಹಕ್ಕಿಪಿಕ್ಕಿ ಜನರೂ ಅದರಲ್ಲಿದ್ದರು. ಗಿಡಮೂಲಿಕೆ ಎಣ್ಣೆ ಮಾರಲು ಹೋದ ಒಂದು ಗುಂಪು ದೂರದ ಎಲ್ ಫಾಶೆರ್‌ನಲ್ಲಿ ಸಿಕ್ಕಿಬಿದ್ದಿತ್ತು, ಹಡಗು ಬರುವ ಪೋರ್ಟ್ ಸುಡಾನ್ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ. ಖಾರ್ಟೂಮ್ ವಿಮಾನ ನಿಲ್ದಾಣ ಮೊದಲ ದಿನವೇ ಮುಚ್ಚಿತ್ತು. ಬಂದರಿನ ತನಕ ಹೆಚ್ಚಿನವರು ರಸ್ತೆಯಲ್ಲೇ ಹೋಗಬೇಕಾಯಿತು. ಮಾಲಿಯಲ್ಲಿ ಬಂದರು ಇಲ್ಲ, ಇರುವ ರಸ್ತೆಯ ಕಥೆ ಹೇಳಿದೆನಲ್ಲ.

ಹೋಗಲೇಬೇಕು, ಸಾಲ ಇದೆ, ಕೆಲಸ ಬಿಟ್ಟರೆ ಮುಂದೇನು ಅಂತ ತಮ್ಮ ಹೇಳಬಹುದು. ಅದು ನನಗೆ ಅರ್ಥವಾಗುತ್ತದೆ. ಇಂಥ ಕಂಪನಿಗಳಿಗೆ ಸಾಮಾನ್ಯವಾಗಿ ಬೇರೆ ದೇಶಗಳಲ್ಲೂ ಕಾಮಗಾರಿ ಇರುತ್ತದೆ. ಬೇರೆ ಕಡೆಗೆ ಹಾಕಿ ಅಂತ ಮೊದಲು ಮೇಲ್ ಹಾಕಿ ಕೇಳಲಿ. ಫೋನ್‌ನಲ್ಲಿ ಬೇಡ, ಬರಹದಲ್ಲೇ ಇರಲಿ. ಆಗಲ್ಲ ಅಂತ ಉತ್ತರ ಬಂದರೆ ಸೈಟ್‌ನ ಮ್ಯಾಪ್ ಮತ್ತು ಕರಾರಿನಲ್ಲಿರುವ ವಿಮೆಯ ಪುಟ, ಎರಡರ ಫೋಟೊ ತೆಗೆದು ನನಗೆ ಕಳಿಸಿ. ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಟಿಕೆಟ್ ಬೇಡ.